ಯಾರಿಗೆ ಬೇಡ? 'ಪೆರ್ಸೋನಾ ನೋನ್ ಗ್ರಾತಾ' ಪದಗುಚ್ಛದ ಚರಿತ್ರೆಯಲ್ಲಿ ಚತುರ್ಥೀ ವಿಭಕ್ತಿ

ರಾಜತಾಂತ್ರಿಕ ವ್ಯವಹಾರದ ಶಬ್ದಕೋಶದಲ್ಲಿ ಲ್ಯಾಟಿನ್ ನುಡಿಗಟ್ಟುಗಳು ಹಲವಿವೆ. ಅವುಗಳಲ್ಲಿ ಹೆಚ್ಚಿನವು ಕಡತಗಳ ಒಳಗೇ ಉಳಿದುಕೊಂಡಿವೆ. 'ಪೆರ್ಸೋನಾ ನೋನ್ ಗ್ರಾತಾ' ಮಾತ್ರ ಕಡತದಿಂದ ಪತ್ರಿಕೆಯ ಮುಖಪುಟಕ್ಕೂ ಅಲ್ಲಿಂದ ದಿನಬಳಕೆಯ ಮಾತಿಗೂ ಇಳಿದು ಬಂದಿದೆ. ತನಗೆ ಬೇಡವಾದ ವಿದೇಶೀ ರಾಜತಾಂತ್ರಿಕನನ್ನು ಕುರಿತು ಆತಿಥೇಯ ರಾಷ್ಟ್ರವು ಹೊರಡಿಸುವ ಘೋಷಣೆಯ ತಿರುಳು ಈ ಮೂರು ಪದಗಳಲ್ಲಿದೆ. ಇದರ ಕಾನೂನು ಚರಿತ್ರೆಯನ್ನು ಅಂತಾರಾಷ್ಟ್ರೀಯ ಕಾನೂನಿನ ವಿದ್ವಾಂಸರು ವಿಸ್ತಾರವಾಗಿ ಬರೆದಿದ್ದಾರೆ. ನಾವು ಇಲ್ಲಿ ಕೈಗೆತ್ತಿಕೊಂಡಿರುವುದು ಅದರ ವ್ಯಾಕರಣದ ಚರಿತ್ರೆಯನ್ನು, ಅದರಲ್ಲಿಯೂ ಮುಖ್ಯವಾಗಿ ಒಂದು ವಿಭಕ್ತಿಯು ಕಣ್ಮರೆಯಾದ ಬಗೆಯನ್ನು. 'ಗ್ರಾತುಸ್' ಎಂಬ ಲ್ಯಾಟಿನ್ ವಿಶೇಷಣವು 'ಯಾರಿಗೆ' ಎಂಬ ಪ್ರಶ್ನೆಗೆ ಉತ್ತರವನ್ನು ಬೇಡುವ ಪದ. ಆಧುನಿಕ ಭಾಷೆಗಳು ಈ ಪದಗುಚ್ಛವನ್ನು ಎರವಲು ಪಡೆದಾಗ ಆ ಉತ್ತರವನ್ನು ಹಿಂದೆಯೇ ಬಿಟ್ಟವು. ಹೀಗೆ ಬಿಟ್ಟದ್ದು ಆಕಸ್ಮಿಕವಲ್ಲ, ಪದಗುಚ್ಛದ ಇಂದಿನ ಶಕ್ತಿ ಇರುವುದೇ ಆ ಲೋಪದಲ್ಲಿ ಎಂಬುದು ನಮ್ಮ ವಾದ.

ಮೊದಲಿಗೆ ಲ್ಯಾಟಿನ್ ಭಾಷೆಯನ್ನೇ ನೋಡೋಣ. 'ಗ್ರಾತುಸ್' ಎಂಬುದಕ್ಕೆ ಎರಡು ಮುಖಗಳಿವೆ: 'ಮೆಚ್ಚುಗೆಯಾದ' ಮತ್ತು 'ಕೃತಜ್ಞನಾದ'. ಇಂಡೋ-ಯೂರೋಪಿಯನ್ ತೌಲನಿಕ ವ್ಯಾಕರಣದಲ್ಲಿ ಇದನ್ನು ಸಂಸ್ಕೃತದ 'ಗೂರ್ತ' ಎಂಬ ವೈದಿಕ ಕೃದಂತದ ಸೋದರಪದವೆಂದು ಗುರುತಿಸಲಾಗಿದೆ. 'ಗೃಣಾತಿ', ಅಂದರೆ ಸ್ತುತಿಸುತ್ತಾನೆ, ಎಂಬ ಕ್ರಿಯಾಪದವೂ ಅದೇ ಧಾತುವಿನದು. ಸ್ತುತಿಗೆ ಪಾತ್ರವಾದದ್ದು ಮೆಚ್ಚಿನದಾಗುವುದು ಸಹಜವಾದ ಅರ್ಥವಿಸ್ತಾರ. 'ಮೆಚ್ಚುಗೆಯಾದ' ಎಂಬ ಅರ್ಥದಲ್ಲಿ 'ಗ್ರಾತುಸ್' ಚತುರ್ಥಿಯನ್ನು ಅಪೇಕ್ಷಿಸುತ್ತದೆ: ಇಂಥವನಿಗೆ ಮೆಚ್ಚುಗೆಯಾದ ವಸ್ತು, ಇಂಥವನಿಗೆ ಪ್ರಿಯನಾದ ವ್ಯಕ್ತಿ. ಪಾಣಿನಿಯನ್ನು ಓದಿದವರಿಗೆ ಇದು ಅಪರಿಚಿತವಲ್ಲ. 'ರುಚ್' ಧಾತುವಿನ ಅರ್ಥವುಳ್ಳ ಕ್ರಿಯಾಪದಗಳ ಪ್ರಯೋಗದಲ್ಲಿ ಯಾರು ಪ್ರೀತಿಗೊಳ್ಳುತ್ತಾನೋ ಅವನಿಗೆ ಸಂಪ್ರದಾನ ಸಂಜ್ಞೆಯನ್ನು ವಿಧಿಸುವ ಅಷ್ಟಾಧ್ಯಾಯಿಯ ಸೂತ್ರ (1.4.33) ಇದೇ ಸಂಬಂಧವನ್ನು ಕುರಿತದ್ದು. ಮೆಚ್ಚುಗೆ ಎಂಬುದು ವಸ್ತುವಿನ ಗುಣವಲ್ಲ, ವಸ್ತುವಿಗೂ ಅನುಭವಿಸುವವನಿಗೂ ನಡುವಿನ ನಂಟು ಎಂಬುದನ್ನು ಎರಡೂ ಭಾಷೆಗಳ ವ್ಯಾಕರಣ ವಿಭಕ್ತಿಯ ಮೂಲಕವೇ ಹೇಳುತ್ತದೆ.

ಇಲ್ಲಿ ಒಂದು ಸಣ್ಣ ತೊಡಕಿದೆ. ನಿಷೇಧಾರ್ಥಕ್ಕೆ ಲ್ಯಾಟಿನ್‌ನಲ್ಲಿ 'ಇನ್‌ಗ್ರಾತುಸ್' ಎಂಬ ಸಿದ್ಧಪದವಿತ್ತು. ಅದನ್ನು ಬಿಟ್ಟು 'ನೋನ್ ಗ್ರಾತಾ' ಎಂಬ ಬಿಡಿನಿಷೇಧ ನೆಲೆಗೊಂಡದ್ದೇಕೆ? 'ಇನ್‌ಗ್ರಾತುಸ್' ಪದದಲ್ಲಿ 'ಕೃತಘ್ನ' ಎಂಬ ಅರ್ಥ ಬಲವಾಗಿದೆ. ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳಿಗೆ ಇಳಿದದ್ದೂ ಆ ಅರ್ಥವೇ. ರಾಯಭಾರಿಯನ್ನು ಕೃತಘ್ನನೆಂದು ಕರೆದರೆ ಅದು ನಿಂದೆ. 'ನೋನ್' ಎಂಬ ಬಿಡಿಪದವಾದರೋ ಗುಣವನ್ನು ಆರೋಪಿಸುವುದಿಲ್ಲ, ಇದ್ದ ಸಮ್ಮತಿ ಇಲ್ಲವೆಂದಷ್ಟೇ ಹೇಳುತ್ತದೆ. ನಿಂದಿಸದೆ ನಿರಾಕರಿಸುವ ಈ ಸೌಲಭ್ಯವೇ ಆಯ್ಕೆಗೆ ಕಾರಣವೆಂದು ನಾವು ಭಾವಿಸುತ್ತೇವೆ. 'ಪೆರ್ಸೋನಾ' ಪದವನ್ನು ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ತಾರ್ಕ್ವೀನಿಯಾದ ಸಮಾಧಿಯೊಂದರ ಭಿತ್ತಿಚಿತ್ರದಲ್ಲಿ ಮುಖವಾಡ ತೊಟ್ಟ ಆಕೃತಿಯ ಪಕ್ಕದಲ್ಲಿ ಬರೆದಿರುವ 'ಫೆರ್ಸು' ಎಂಬ ಎಟ್ರಸ್ಕನ್ ಪದದೊಡನೆ ಅದನ್ನು ವಿದ್ವಾಂಸರು ಜೋಡಿಸುತ್ತ ಬಂದಿದ್ದಾರೆ. ಮುಖವಾಡ, ಪಾತ್ರ, ಕಾನೂನಿನ ವ್ಯಕ್ತಿ ಎಂಬ ಕ್ರಮದಲ್ಲಿ ಅರ್ಥ ಬೆಳೆಯಿತು. ರಾಜತಾಂತ್ರಿಕ ಘೋಷಣೆಯು ನಿರಾಕರಿಸುವುದು ಮನುಷ್ಯನನ್ನಲ್ಲ, ಅವನು ತೊಟ್ಟ ಪಾತ್ರವನ್ನು ಎಂಬುದನ್ನು ನೆನೆದರೆ ಈ ಹಳೆಯ ಅರ್ಥ ಅಷ್ಟೇನೂ ದೂರದ್ದಲ್ಲ.

ಚತುರ್ಥಿಯು ಜೀವಂತವಾಗಿದ್ದ ಕಾಲದ ಒಳ್ಳೆಯ ಸಾಕ್ಷ್ಯ ರಾಯಭಾರ ಕಚೇರಿಗಳಲ್ಲಿ ಅಲ್ಲ, ಚರ್ಚಿನ ದಾಖಲೆಗಳಲ್ಲಿ ದೊರೆಯುತ್ತದೆ. ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ ಪ್ರಾಟೆಸ್ಟೆಂಟ್ ದೊರೆಗಳ ಆಳ್ವಿಕೆಯ ಜರ್ಮನ್ ರಾಜ್ಯಗಳಲ್ಲಿ ಕ್ಯಾಥೊಲಿಕ್ ಬಿಷಪರನ್ನು ಹೇಗೆ ಆರಿಸಬೇಕೆಂಬ ಪ್ರಶ್ನೆ ಎದ್ದಿತು. 1821ರ ಜುಲೈ 16ರಂದು ಪೋಪ್ 7ನೆಯ ಪಯಸ್ ಪ್ರಷ್ಯದ ಧರ್ಮಪ್ರಾಂತಗಳ ಚುನಾಯಕ ಮಂಡಲಿಗಳಿಗೆ 'ಕ್ವೋದ್ ದೇ ಫಿದೇಲಿಯುಂ' ಎಂಬ ಆದೇಶಪತ್ರವನ್ನು ಬರೆದರು. ದೊರೆಗೆ 'ಮಿನುಸ್ ಗ್ರಾತೋಸ್', ಎಂದರೆ ಅಷ್ಟಾಗಿ ಮೆಚ್ಚುಗೆಯಿಲ್ಲದವರು, ಆಗದಂಥವರನ್ನೇ ಆರಿಸಿಕೊಳ್ಳಿರಿ, ಇದನ್ನು ಚುನಾವಣೆಗೆ ಮುಂಚೆಯೇ ತಿಳಿದುಕೊಳ್ಳಿರಿ ಎಂಬುದು ಅದರ ಸೂಚನೆ. 1824ರಲ್ಲಿ ಹನೋವರ್ ರಾಜ್ಯಕ್ಕಾಗಿ ಹೊರಟ ಶಾಸನದಲ್ಲಿ ಈ ವಿಧಾನ ಇನ್ನಷ್ಟು ಸ್ಪಷ್ಟವಾಯಿತು. ಮಂಡಲಿಯು ಹೆಸರುಗಳ ಪಟ್ಟಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕು; ಸರ್ಕಾರಕ್ಕೆ 'ಮಿನುಸ್ ಗ್ರಾತುಸ್' ಆದವನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು; ಆದರೆ ಚುನಾವಣೆ ನಡೆಸಲು ಸಾಕಾಗುವಷ್ಟು ಹೆಸರುಗಳು ಉಳಿದಿರಬೇಕು.

ಈ ದಾಖಲೆಗಳಿಂದಲೇ ರಾಜತಾಂತ್ರಿಕ ಪದಗುಚ್ಛ ನೇರವಾಗಿ ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಅವುಗಳ ವಾಕ್ಯರಚನೆಯಷ್ಟೇ ನಮಗೆ ಮುಖ್ಯ. ಎರಡು ಕಡೆಗಳಲ್ಲಿಯೂ ಚತುರ್ಥಿಯು ಮೈದೋರಿ ನಿಂತಿದೆ: ಒಂದರಲ್ಲಿ ದೊರೆಗೆ, ಇನ್ನೊಂದರಲ್ಲಿ ಸರ್ಕಾರಕ್ಕೆ. ನಿಷೇಧವು 'ನೋನ್' ಅಲ್ಲ, 'ಮಿನುಸ್'. ಅಂದರೆ ಪೂರ್ಣ ನಿರಾಕರಣೆಯಲ್ಲ, ತರತಮದ ಮಾತು. ಒಬ್ಬನಿಗೆ ಅಷ್ಟು ಮೆಚ್ಚುಗೆಯಾಗದವನು ಇನ್ನೊಬ್ಬನಿಗೆ ಮೆಚ್ಚಿನವನಾಗಬಲ್ಲನೆಂಬ ಎಡೆ ಅಲ್ಲಿ ಇನ್ನೂ ಉಳಿದಿತ್ತು.

ಆ ಎಡೆ ಎಷ್ಟು ಇಕ್ಕಟ್ಟನ್ನು ತರಬಲ್ಲುದೆಂಬುದನ್ನು 1885ರ ಪ್ರಸಂಗವೊಂದು ತೋರಿಸಿತು. ಅಮೆರಿಕದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ವರ್ಜೀನಿಯದ ಆಂಥೊನಿ ಕೈಲಿಯನ್ನು ಇಟಲಿಗೆ ರಾಯಭಾರಿಯಾಗಿ ನೇಮಿಸಿದರು. ಪೋಪರ ರಾಜ್ಯವನ್ನು ಇಟಲಿ ವಶಪಡಿಸಿಕೊಂಡದ್ದನ್ನು ಕೈಲಿ 1871ರಲ್ಲಿ ಬಹಿರಂಗವಾಗಿ ಖಂಡಿಸಿದ್ದರು, ಇಟಲಿ ಒಪ್ಪಲಿಲ್ಲ. ಅದೇ ಕೈಲಿಯನ್ನು ಆಸ್ಟ್ರಿಯಾ-ಹಂಗೇರಿಗೆ ನೇಮಿಸಲಾಯಿತು. ಅಲ್ಲಿ ಅವರ ಪತ್ನಿ ಯೆಹೂದ್ಯರೆಂಬುದೇ ಆಕ್ಷೇಪಣೆಯಾಯಿತು. ವಿದೇಶಾಂಗ ಕಾರ್ಯದರ್ಶಿ ಥಾಮಸ್ ಬಯಾರ್ಡ್ ಇದನ್ನು ತೀವ್ರವಾಗಿ ಪ್ರತಿಭಟಿಸಿದರು. ಸರ್ಕಾರಿ ಹುದ್ದೆಗೆ ಧರ್ಮವನ್ನು ಅರ್ಹತೆಯಾಗಿ ಪರಿಗಣಿಸುವುದನ್ನು ಅಮೆರಿಕದ ಸಂವಿಧಾನ ನಿಷೇಧಿಸುತ್ತದೆ; ಇಂಥ ಕಾರಣವನ್ನು ಮಾನ್ಯಮಾಡಲು ತಮಗೆ ಅಧಿಕಾರವೇ ಇಲ್ಲವೆಂಬುದು ಅವರ ನಿಲುವು. ವಿಯೆನ್ನಾ ಮಣಿಯಲಿಲ್ಲ. ಒಬ್ಬನೇ ಮನುಷ್ಯ ರೋಮಿಗೆ ಒಂದು ಕಾರಣದಿಂದಲೂ ವಿಯೆನ್ನಾಕ್ಕೆ ಇನ್ನೊಂದು ಕಾರಣದಿಂದಲೂ ಬೇಡವಾದನು. 'ಗ್ರಾತುಸ್' ಸಂಬಂಧವಾಚಕವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕಾರಣವನ್ನು ಹೇಳಿದರೆ ಆ ಕಾರಣವೇ ಹೊಸ ಜಗಳದ ವಸ್ತುವಾಗುತ್ತದೆ ಎಂಬುದಕ್ಕೂ ಇದೇ ಉದಾಹರಣೆ.

ಮೂರೇ ವರ್ಷಗಳಲ್ಲಿ ಪಾತ್ರಗಳು ಅದಲುಬದಲಾದವು. ಬ್ರಿಟನ್ನಿನ ರಾಯಭಾರಿ ಲಯನೆಲ್ ಸ್ಯಾಕ್‌ವಿಲ್-ವೆಸ್ಟ್ 1888ರ ಚುನಾವಣೆಯ ಹೊತ್ತಿನಲ್ಲಿ, ಮತದಾರನ ಸೋಗಿನಲ್ಲಿ ಬಂದ ಪತ್ರವೊಂದಕ್ಕೆ ಕ್ಲೀವ್‌ಲ್ಯಾಂಡ್ ಪರವಾಗಿ ತೋರುವಂತೆ ಉತ್ತರ ಬರೆದು ಸಿಕ್ಕಿಬಿದ್ದರು. ಪತ್ರವು ಪ್ರಕಟವಾಯಿತು, ಬಯಾರ್ಡ್ ರಾಯಭಾರಿಗೆ ಹೊರಡಲು ರಹದಾರಿ ಪತ್ರಗಳನ್ನು ಕೊಟ್ಟು ಕಳುಹಿಸಿದರು. ಬ್ರಿಟನ್ನಿನ ಪ್ರಧಾನಿ ಲಾರ್ಡ್ ಸಾಲ್ಸ್‌ಬರಿಯ ವಾದ ಹೀಗಿತ್ತು: ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾದರೆ ಕಾರಣವನ್ನು ತಿಳಿಸಬೇಕು, ಅದು ಸಮರ್ಪಕವೇ ಎಂದು ಕಳುಹಿಸಿದ ರಾಷ್ಟ್ರ ತೂಗಿ ನೋಡಬೇಕು. ಅಮೆರಿಕವಾದರೋ ತನಗೆ ಆತ ಒಪ್ಪಿಗೆಯಿಲ್ಲವೆಂಬುದೇ ಸಾಕೆಂದಿತು. ಕೈಲಿ ಪ್ರಕರಣದಲ್ಲಿ ಕಾರಣದ ಯುಕ್ತಾಯುಕ್ತತೆಯನ್ನು ಚರ್ಚಿಸಿದ ಬಯಾರ್ಡರೇ ಈಗ ಕಾರಣದ ವಿಚಾರಣೆಗೆ ಎಡೆಗೊಡಲಿಲ್ಲ. ನಾವು ಇದನ್ನು ಅವರ ಅಸಾಂಗತ್ಯವೆಂದು ಎತ್ತಿ ಆಡುತ್ತಿಲ್ಲ. ಸ್ಥಾನ ಬದಲಾದರೆ ವ್ಯಾಕರಣವೂ ಬದಲಾಗುವುದು ರಾಜತಾಂತ್ರಿಕತೆಯ ರೂಢಿ. ಮುಂದಿನ ಕಾಲದಲ್ಲಿ ಗೆದ್ದದ್ದು ಎರಡನೆಯ ನಿಲುವು.

1961ರ ಏಪ್ರಿಲ್ 18ರಂದು ಅಂಗೀಕೃತವಾದ, 1964ರಲ್ಲಿ ಜಾರಿಗೆ ಬಂದ ರಾಜತಾಂತ್ರಿಕ ಸಂಬಂಧಗಳ ವಿಯೆನ್ನಾ ಒಪ್ಪಂದದ 9ನೆಯ ವಿಧಿ ಈ ಗೆಲುವಿನ ಶಾಸನ. ಆತಿಥೇಯ ರಾಷ್ಟ್ರವು ಯಾವಾಗ ಬೇಕಾದರೂ, ತನ್ನ ನಿರ್ಧಾರಕ್ಕೆ ವಿವರಣೆ ಕೊಡಬೇಕಾದ ಹಂಗಿಲ್ಲದೆ, ದೂತಾವಾಸದ ಮುಖ್ಯಸ್ಥನನ್ನಾಗಲಿ ರಾಜತಾಂತ್ರಿಕ ಸಿಬ್ಬಂದಿಯನ್ನಾಗಲಿ 'ಪೆರ್ಸೋನಾ ನೋನ್ ಗ್ರಾತಾ' ಎಂದು ತಿಳಿಸಬಹುದು. ವ್ಯಕ್ತಿಯು ನೆಲಕ್ಕೆ ಕಾಲಿಡುವ ಮುನ್ನವೂ ಹೀಗೆ ಹೇಳಬಹುದು. ಕಾರಣ ಹೋಯಿತು, ಅದರೊಡನೆ ಚತುರ್ಥಿಯೂ ಹೋಯಿತು. ವಿಧಿಯ ವಾಕ್ಯದಲ್ಲಿ ಆತಿಥೇಯ ರಾಷ್ಟ್ರವು ತಿಳಿಸುವ ಕರ್ತೃವಾಗಿ ಮಾತ್ರ ಇದೆ. ಮೆಚ್ಚದಿರುವ ಅನುಭವಿಯಾಗಿ ಎಲ್ಲಿಯೂ ಇಲ್ಲ. ಸಂಬಂಧವಾಗಿದ್ದದ್ದು ಸ್ಥಾನಮಾನವಾಯಿತು. ಈ ಬಳಕೆ 1961ಕ್ಕೆ ಮುಂಚೆಯೇ ರೂಢಿಯಾಗಿತ್ತು. ಮಾಸ್ಕೋದ ಬದುಕನ್ನು ನಾಜಿ ಜರ್ಮನಿಯಲ್ಲಿ ತಾನು ಕಳೆದ ಬಂಧನದ ದಿನಗಳಿಗೆ ಹೋಲಿಸಿ ಬರ್ಲಿನ್ ವಿಮಾನ ನಿಲ್ದಾಣದಲ್ಲಿ ಮಾತನಾಡಿದ ಅಮೆರಿಕದ ರಾಯಭಾರಿ ಜಾರ್ಜ್ ಕೆನನ್ ಅವರನ್ನು ಸೋವಿಯತ್ ಸರ್ಕಾರ 1952ರ ಅಕ್ಟೋಬರ್ 3ರಂದು ಇದೇ ಪದಗಳಿಂದ ನಿರಾಕರಿಸಿತು. ಆಗ ಅವರು ಸೋವಿಯತ್ ನೆಲದ ಮೇಲೆ ಇರಲಿಲ್ಲ. ಮರಳಿ ಹೋಗಲೂ ಆಗಲಿಲ್ಲ.

9ನೆಯ ವಿಧಿಯ ಇನ್ನೊಂದು ಅಂಶವು ಭಾಷಾವಿಜ್ಞಾನಿಗಳ ಗಮನಕ್ಕೆ ಅರ್ಹವಾದದ್ದು. ಅದರಲ್ಲಿ ನಿರಾಕರಣೆಗೆ ಎರಡು ಶಬ್ದಗಳಿವೆ. ರಾಜತಾಂತ್ರಿಕ ದರ್ಜೆಯವರಿಗೆ ಲ್ಯಾಟಿನ್. ಗುಮಾಸ್ತರು, ತಾಂತ್ರಿಕರು, ಸೇವಕರು ಮೊದಲಾದ ಉಳಿದವರಿಗೆ 'ಸ್ವೀಕಾರಾರ್ಹರಲ್ಲ' ಎಂಬ ದೇಶಭಾಷೆಯ ಸಾಧಾರಣ ಮಾತು. 1963ರ ಕಾನ್ಸುಲರ್ ಒಪ್ಪಂದದ 23ನೆಯ ವಿಧಿಯಲ್ಲಿಯೂ ಇದೇ ಭೇದವಿದೆ. ಕಾನೂನಿನ ಪರಿಣಾಮದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಹಾಗಿದ್ದರೂ ಹೊರಗೆ ಕಳುಹಿಸುವಾಗಲೂ ಅಂತಸ್ತನ್ನು ಉಳಿಸುವುದು ಲ್ಯಾಟಿನ್ನಿನ ಕೆಲಸವಾಗಿದೆ. ದ್ವಿಭಾಷಿಕ ಸ್ತರಭೇದವನ್ನು ಒಂದೇ ವಾಕ್ಯದೊಳಗೆ ಇಷ್ಟು ನಿರ್ಲಿಪ್ತವಾಗಿ ವಿಧಿಸಿದ ಶಾಸನಗಳು ವಿರಳ. ವಿಧಿಯಲ್ಲಿ 'ಉಚ್ಚಾಟಿಸು' ಎಂಬರ್ಥದ ಕ್ರಿಯಾಪದವೇ ಇಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಆತಿಥೇಯ ರಾಷ್ಟ್ರ ತಿಳಿಸುತ್ತದೆ. ಕಳುಹಿಸಿದ ರಾಷ್ಟ್ರ ಹಿಂದಕ್ಕೆ ಕರೆಸಿಕೊಳ್ಳುತ್ತದೆ. ಕರೆಸಿಕೊಳ್ಳದಿದ್ದರೆ ಆತನನ್ನು ದೂತಾವಾಸದ ಸದಸ್ಯನೆಂದು ಗುರುತಿಸಲು ನಿರಾಕರಿಸಬಹುದು. ಮುಖವಾಡವನ್ನು ಕಳಚುವುದು ಮಾತ್ರ.

ಎರವಲು ಪಡೆದ ಭಾಷೆಗಳು ಈ ಮೂರು ಪದಗಳನ್ನು ನಡೆಸಿಕೊಂಡ ರೀತಿ ವೈವಿಧ್ಯಮಯವಾದದ್ದು. ಇಟಾಲಿಯನ್‌ನಲ್ಲಿ ಇದು ಎರವಲೆಂದು ಹೇಳುವುದೇ ಕಷ್ಟ. ಮೂರೂ ಪದಗಳು ಆ ಭಾಷೆಯ ಸ್ವಂತ ಪದಗಳು. ಬಹುವಚನ 'ಪೆರ್ಸೋನೆ ನೋನ್ ಗ್ರಾತೆ' ಎಂದು ಸಲೀಸಾಗಿ ಆಗುತ್ತದೆ. ಆದರೆ ಇಂದಿನ ಇಟಾಲಿಯನ್‌ನಲ್ಲಿ 'ಗ್ರಾತಾ' ಎಂದರೆ ಮೊದಲು ತೋಚುವುದು 'ಕೃತಜ್ಞಳಾದ' ಎಂಬ ಅರ್ಥ. ಅದಕ್ಕಾಗಿಯೇ 'ಪೆರ್ಸೋನಾ ನೋನ್ ಗ್ರಾದಿತಾ' ಎಂಬ ಪರ್ಯಾಯವೂ ಬಳಕೆಯಲ್ಲಿದೆ. ಸ್ಪ್ಯಾನಿಷ್ ಜನಬಳಕೆಯು 'ನೋನ್' ಎಂಬುದನ್ನು 'ನೋ' ಎಂದು ತನ್ನದಾಗಿಸಿಕೊಂಡಿದೆ. ಫ್ರೆಂಚ್ ಇಡಿಯಾಗಿ ಲ್ಯಾಟಿನ್ನನ್ನೇ ಇಟ್ಟುಕೊಂಡಿತು. ಅದರದೇ 'ಪೆರ್ಸೊನ್' ಪದ ನಿಷೇಧವಾಕ್ಯದಲ್ಲಿ 'ಯಾರೂ ಇಲ್ಲ' ಎಂಬ ಅರ್ಥವನ್ನು ಪಡೆದಿರುವಾಗ ಬೇರೆ ಮಾರ್ಗವೂ ಸುಲಭವಾಗಿರಲಿಲ್ಲ. ರಷ್ಯನ್ ಅರ್ಧವನ್ನು ಜೀರ್ಣಿಸಿಕೊಂಡಿದೆ. 'ಪೆರ್ಸೋನಾ' ಅಲ್ಲಿ ಹಿಂದಿನಿಂದಲೂ ರೂಢಿಯಲ್ಲಿದ್ದ ಸ್ತ್ರೀಲಿಂಗ ನಾಮಪದ. 'ಎಂದು ಘೋಷಿಸು' ಎಂಬ ಕ್ರಿಯಾಪದದೊಡನೆ ಅದು ತೃತೀಯಾ ವಿಭಕ್ತಿಯನ್ನು ತಳೆದು 'ಪೆರ್ಸೋನೊಯ್ ನೋನ್ ಗ್ರಾತಾ' ಆಗುತ್ತದೆ. 'ಗ್ರಾತಾ' ಮಾತ್ರ ಅವ್ಯಯದಂತೆ ಅಲುಗದೆ ನಿಲ್ಲುತ್ತದೆ. ವಿಶೇಷ್ಯವು ವಿಭಕ್ತಿಯನ್ನು ಪಡೆಯುತ್ತ ವಿಶೇಷಣವು ಪಡೆಯದಿರುವ ಈ ರಚನೆ ರಷ್ಯನ್ ವ್ಯಾಕರಣದಲ್ಲಿ ಎರವಲಿನ ಗುರುತನ್ನು ಹೊತ್ತುಕೊಂಡೇ ಇದೆ. ಇಂಗ್ಲಿಷ್ ಇದನ್ನು ಬಹುತೇಕ ಆಖ್ಯಾತ ವಿಶೇಷಣವನ್ನಾಗಿ ಮಾಡಿಕೊಂಡಿದೆ: ಬಹುವಚನದ ಕರ್ತೃವಿನೊಡನೆಯೂ ಏಕವಚನದ ರೂಪವೇ ನಡೆಯುತ್ತದೆ. ರಾಜತಾಂತ್ರಿಕರ ಒಳಮಾತಿನಲ್ಲಿ ಮೂರು ಮೊದಲಕ್ಷರಗಳು ಸೇರಿ 'ಪಿಎನ್‌ಜಿ' ಎಂಬ ಸಕರ್ಮಕ ಕ್ರಿಯಾಪದವೇ ಹುಟ್ಟಿದೆ. ಅಲ್ಲಿಗೆ ವ್ಯಕ್ತಿಯೂ ಮೆಚ್ಚುಗೆಯೂ ಎರಡೂ ಮರೆಯಾದವು.

ಯೂರೋಪಿನ ಹೊರಗಿನ ಭಾಷೆಗಳಲ್ಲಿ ಅನುವಾದಿತ ಎರವಲು ಹೆಚ್ಚು. ಚೀನೀ ಭಾಷೆಯ 'ಬು ಶೌ ಹುವಾನ್‌ಯಿಂಗ್ ದ ರೆನ್' ಎಂದರೆ 'ಸ್ವಾಗತಕ್ಕೆ ಒಳಗಾಗದ ವ್ಯಕ್ತಿ'. 'ಶೌ' ಎಂಬುದು 'ಪಡೆ, ಒಳಗಾಗು' ಎಂಬರ್ಥದ ಪದ, ಸ್ವಾಗತಿಸುವವರ ಉಲ್ಲೇಖವಿಲ್ಲ. ಅರಬ್ಬಿಯ 'ಶಖ್ಸ್ ಘೈರ್ ಮರ್ಘೂಬ್ ಫೀಹಿ' ಕರ್ಮಣಿ ಕೃದಂತವನ್ನು ಬಳಸುತ್ತದೆ. ಬಯಸುವವರು ಅಲ್ಲಿಯೂ ಇಲ್ಲ. ನಮಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಂಡದ್ದು ಜಪಾನೀ ಭಾಷೆಯ 'ಕೊನೊಮಶಿಕಾರಜಾರು ಜಿಂಬುತ್ಸು'. ಇಂದಿನ ಜಪಾನಿಯಲ್ಲಿ ನಿಷೇಧರೂಪ 'ಕೊನೊಮಶಿಕುನಾಯ್' ಎಂದಾಗಬೇಕು. ಅದನ್ನು ಬಿಟ್ಟು ಶಾಸ್ತ್ರೀಯ ಜಪಾನಿಯ 'ಜಾರು' ಪ್ರತ್ಯಯವನ್ನು ಉಳಿಸಿಕೊಂಡಿದ್ದಾರೆ. ಲ್ಯಾಟಿನ್ನಿನ ಅರ್ಥವನ್ನಷ್ಟೇ ಅಲ್ಲದೆ ಅದರ ಹಳೆತನವನ್ನೂ ಅನುವಾದಿಸಿದ ಅಪರೂಪದ ನಿದರ್ಶನವಿದು.

ಚತುರ್ಥಿಯನ್ನು ಕಳೆದುಕೊಂಡ ಪದಗುಚ್ಛವು ಯಾರ ಬಾಯಿಗೂ ಸಿಗುವಂಥದ್ದಾಯಿತು. ಆಸ್ಟಿನ್ ಪ್ರತಿಪಾದಿಸಿದ ಭಾಷಾಕ್ರಿಯೆಯ ಸಿದ್ಧಾಂತದಲ್ಲಿ ಘೋಷಣೆ ಸಫಲವಾಗಬೇಕಾದರೆ ಘೋಷಿಸುವವರಿಗೆ ಅಧಿಕಾರವಿರಬೇಕು, ಘೋಷಿತನು ಆ ವ್ಯವಸ್ಥೆಯೊಳಗಿನವನಾಗಿರಬೇಕು. ಸ್ಪೇನಿನಲ್ಲಿಯೂ ಫಿಲಿಪ್ಪೀನ್ಸಿನಲ್ಲಿಯೂ ಪುರಸಭೆಗಳು ನಟರನ್ನು, ರಾಜಕಾರಣಿಗಳನ್ನು ಇದೇ ಪದಗಳಿಂದ ನಿರಾಕರಿಸುವ ಠರಾವುಗಳನ್ನು ಹೊರಡಿಸುತ್ತವೆ. ಪುರಸಭೆಗೆ ಗಡಿಯೂ ಇಲ್ಲ, ರಾಯಭಾರಿಗಳೂ ಇಲ್ಲ. 2012ರಲ್ಲಿ ಇಸ್ರೇಲ್ ತನ್ನನ್ನು ಟೀಕಿಸಿ ಪದ್ಯ ಬರೆದ ಜರ್ಮನ್ ಲೇಖಕ ಗುಂಟರ್ ಗ್ರಾಸ್ ಅವರನ್ನು ಹೀಗೆಂದು ಘೋಷಿಸಿತು. ಅವರು ಯಾವ ದೇಶದ ದೂತರೂ ಆಗಿರಲಿಲ್ಲ; ಅವರ ಪ್ರವೇಶವನ್ನು ನಿಷೇಧಿಸಿದ್ದೊಂದೇ ಅಲ್ಲಿ ನಿಜವಾದ ಕ್ರಿಯೆ. 2024ರ ಅಕ್ಟೋಬರ್‌ನಲ್ಲಿ ಅದೇ ರಾಷ್ಟ್ರವು ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿ ಅಂಟೋನಿಯೊ ಗುಟೆರಸ್ ಅವರನ್ನು ಕುರಿತು ಇದೇ ಮಾತನ್ನು ಆಡಿದಾಗ, ತನ್ನ ಸಿಬ್ಬಂದಿಗೆ ಈ ಪರಿಕಲ್ಪನೆಯು ಅನ್ವಯಿಸುವುದಿಲ್ಲವೆಂದು ವಿಶ್ವಸಂಸ್ಥೆ ಉತ್ತರಿಸಿತು. ಯಾವ ರಾಷ್ಟ್ರದಿಂದಲೂ ಕಳುಹಿಸಲ್ಪಡದವನನ್ನು ಯಾರಿಗೆ ಹಿಂದಿರುಗಿಸುವುದು? ಉತ್ತರವು ಕಾನೂನಿನ ಭಾಷೆಯಲ್ಲಿದ್ದರೂ ಅದರೊಳಗಿರುವುದು ವ್ಯಾಕರಣದ ಆಕ್ಷೇಪಣೆಯೇ.

ಭಾರತದಲ್ಲಿ ವಿಯೆನ್ನಾ ಒಪ್ಪಂದಕ್ಕೆ 1972ರ ಅಧಿನಿಯಮದ ಮೂಲಕ ಕಾನೂನಿನ ಬಲ ಬಂದಿದೆ. ಕನ್ನಡ ಪತ್ರಿಕೆಗಳು ಈ ಪದಗುಚ್ಛವನ್ನು 'ಪರ್ಸೋನಾ ನಾನ್ ಗ್ರಾಟಾ' ಎಂದು ಲಿಪ್ಯಂತರಿಸುವುದೂ ಉಂಟು, 'ಅನಪೇಕ್ಷಿತ ವ್ಯಕ್ತಿ' ಎಂದು ಅನುವಾದಿಸುವುದೂ ಉಂಟು. ಹಿಂದಿಯಲ್ಲಿ ಬಳಕೆಯಾಗುವುದು 'ಅವಾಂಛಿತ ವ್ಯಕ್ತಿ'. ಮರಾಠಿಯಲ್ಲಿ 'ಅನಪೇಕ್ಷಿತ' ಎಂದರೆ 'ನಿರೀಕ್ಷಿಸದ' ಎಂದಾಗುವುದರಿಂದ ಅಲ್ಲಿ ಇದು ಸಲ್ಲುವುದಿಲ್ಲ. ಕನ್ನಡದಲ್ಲಿ ಅಪೇಕ್ಷೆಗೆ ಬಯಕೆಯ ಅರ್ಥ ಗಟ್ಟಿಯಾಗಿರುವುದರಿಂದ ಸಲ್ಲುತ್ತದೆ. ರಚನೆಯ ದೃಷ್ಟಿಯಿಂದ ಇದು ಚೀನೀ, ಅರಬ್ಬೀ ರೂಪಗಳ ಜೊತೆಗೆ ಕೂರುವಂಥದ್ದು: ಕರ್ಮಣಿ ಕೃದಂತ, ಅಪೇಕ್ಷಿಸದವನು ಅದೃಶ್ಯ.

ಆದರೆ ಕನ್ನಡಕ್ಕೆ 'ಬೇಡ' ಎಂಬ ತನ್ನದೇ ಪದವಿದೆ. ಅದು ಚತುರ್ಥೀ ಕರ್ತೃವನ್ನು ಬೇಡುವ ಕ್ರಿಯಾರೂಪ. ಇಂಥ ರಚನೆಗಳನ್ನು ಎಸ್. ಎನ್. ಶ್ರೀಧರ್ 1979ರಲ್ಲಿಯೇ ಕನ್ನಡದ ಸಾಮಗ್ರಿಯಿಂದ ಚರ್ಚಿಸಿದ್ದಾರೆ. 'ಕಾಫಿ ಬೇಡ' ಎಂದು ಒಬ್ಬರು ಹೇಳಿದರೆ 'ನನಗೆ' ಎಂಬುದು ಆಡದೆಯೇ ಕೇಳಿಸುತ್ತದೆ. ಚತುರ್ಥಿಯನ್ನು ಕೈಬಿಟ್ಟರೂ ಆಡುವವನು ಆ ಜಾಗಕ್ಕೆ ತಾನಾಗಿಯೇ ಬಂದು ನಿಲ್ಲುತ್ತಾನೆ. 'ಬೇಡವಾದ ವ್ಯಕ್ತಿ' ಎಂದು ಸರ್ಕಾರವೊಂದು ಕನ್ನಡದಲ್ಲಿ ಘೋಷಿಸಿದರೆ 'ಯಾರಿಗೆ' ಎಂಬುದು ಮುಚ್ಚಿಡಲಾಗದ ಪ್ರಶ್ನೆ. 1821ರ ಲ್ಯಾಟಿನ್‌ಗೆ ಹತ್ತಿರವಾದದ್ದು 'ಬೇಡ'. 1961ರ ಲ್ಯಾಟಿನ್‌ಗೆ ಹತ್ತಿರವಾದದ್ದು 'ಅನಪೇಕ್ಷಿತ'. ಒಪ್ಪಂದದ ಅನುವಾದಕ್ಕೆ ಎರಡನೆಯದೇ ನಿಷ್ಠವಾದದ್ದೆಂದು ನಾವು ಒಪ್ಪುತ್ತೇವೆ. ಸುದ್ದಿಯ ಭಾಷೆಗೆ ಅದೇ ನಿಷ್ಠೆ ಬೇಕಿಲ್ಲ.

'ಉಚ್ಚಾಟನೆ', 'ಬಹಿಷ್ಕಾರ' ಎಂಬ ಶೀರ್ಷಿಕೆಯ ಪದಗಳನ್ನು ನಾವು ಒಪ್ಪಲಾರೆವು. ಬಹಿಷ್ಕಾರವು ಒಳಗಿನವನನ್ನು ಹೊರಹಾಕುವ ಕ್ರಿಯೆ. ಜಾತಿ ಪಂಚಾಯಿತಿಗಳ ತೀರ್ಪಿನ ನೆನಪು ಅದಕ್ಕೆ ಅಂಟಿಕೊಂಡಿದೆ. ರಾಯಭಾರಿಯು ಮೊದಲಿನಿಂದಲೂ ಹೊರಗಿನವನು. ಉಚ್ಚಾಟನೆಯಲ್ಲಿ ಅಪರಾಧದ ಸೂಚನೆಯಿದೆ. ವಿವರಣೆಯನ್ನೇ ಕೊಡದ ಘೋಷಣೆಯಲ್ಲಿ ಅಪರಾಧ ಸಾಬೀತಾಗಿದೆಯೆಂದು ಓದುಗರು ತಿಳಿಯುವಂತಾದರೆ ಅದು ಅನುವಾದದ ದೋಷ.

2025ರ ಏಪ್ರಿಲ್ 23ರಂದು, ಪಹಲ್ಗಾಮ್ ದಾಳಿಯ ಮರುದಿನ, ಭಾರತ ಸರ್ಕಾರದ ಹೇಳಿಕೆಯು ನವದೆಹಲಿಯ ಪಾಕಿಸ್ತಾನ ಹೈಕಮಿಷನ್ನಿನ ರಕ್ಷಣಾ, ನೌಕಾ ಮತ್ತು ವಾಯು ಸಲಹೆಗಾರರನ್ನು 'ಪೆರ್ಸೋನಾ ನೋನ್ ಗ್ರಾತಾ' ಎಂದು ಘೋಷಿಸಿ, ಹೊರಡಲು ಒಂದು ವಾರದ ಅವಧಿಯನ್ನು ಕೊಟ್ಟಿತು. ಇಂಗ್ಲಿಷ್ ವಾಕ್ಯದಲ್ಲಿ ಕರ್ತೃ ಬಹುವಚನ, ಲ್ಯಾಟಿನ್ ಏಕವಚನ, ಪ್ರಯೋಗ ಕರ್ಮಣಿ, ಘೋಷಿಸುವವರ ಹೆಸರಿಲ್ಲ. ಅದೇ ಹೇಳಿಕೆಯ ಮುಂದಿನ ಭಾಗದಲ್ಲಿ ಆ ಸಲಹೆಗಾರರ ಕೈಕೆಳಗಿನ ಐವರು ಸಹಾಯಕ ಸಿಬ್ಬಂದಿಯ ಪ್ರಸ್ತಾಪ ಬರುತ್ತದೆ. ಅವರಿಗೆ ಲ್ಯಾಟಿನ್ ಇಲ್ಲ. ಎರಡೂ ಹೈಕಮಿಷನ್‌ಗಳಿಂದ ಅವರನ್ನು 'ಹಿಂತೆಗೆದುಕೊಳ್ಳಲಾಗುವುದು' ಎಂದಷ್ಟೇ ಇದೆ.